ವಿಠ್ಠಲನ ಮಂಡಿಗೆ ತಕ್ಕ ದೋಣಿ

3 ನವೆಂಬರ್ 1996

ಇವತ್ತು ತಾಪಿ ನದಿಯಲ್ಲಿ ಮುಳುಗಿ ಸತ್ತೆ.

ಸುಳ್ಳು. ಎಸ್‌ಟಿಡಿ ಬೂತಿನಿಂದ ಮೂಗು ಹಿಡಿದುಕೊಂಡು, ಗುಜರಾತಿಯಲ್ಲಿ, ವಿಠ್ಠಲನಿಗೆ ಹಾಗಂತ ಫೋನ್ ಮಾಡಿದ್ದು ನಾನೇ. ಮಂಡಿನೋವಿನ ಮನುಷ್ಯ, ಕೋಲೂರಿಕೊಂಡು, ರಿಕ್ಷಾ ಹಿಡಿದು ಮಗ್ದಲ್ಲಾ ದಡಕ್ಕೆ ಬಂದೇಬಿಟ್ಟ. ನಾನು ಮಗುಚಿಟ್ಟ ದೋಣಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ.

"ಹಾಯ್! ಹಾಯಿದೋಣಿ ನೋಡೋಣ ಬಾ ಅಂದ್ರೆ ಬರ್ತಿದ್ದೆಯಾ ನೀನು?"

ನಗಲಿಲ್ಲ. ಕೆಸರಿನಲ್ಲಿ ಒಂದು ಚಪ್ಪಲಿ ಹೋಗಿತ್ತು.

"ಪಟ್ಟಾಭಿ, ಇನ್ನು ನೀನು ನಿಜವಾಗ್ಲೂ ಮುಳುಗೋ. ನಾನು ಬರಲ್ಲ."

ಬಂದ ರಿಕ್ಷಾದಲ್ಲೇ ಹೋದ.

4 ನವೆಂಬರ್, ಸಂಜೆ

ಫೋನ್ ಮಾಡಿದೆ. ಕಟ್. ಮತ್ತೆ ಮಾಡಿದೆ. ಕಟ್.

ಇನ್ಶೂರೆನ್ಸ್ ಆಫೀಸಿನಲ್ಲಿ ಪಕ್ಕದ ಮೇಜಿನವನು. ರಿಟೈರ್ ಆದ ಮೇಲೂ ಇಬ್ಬರೂ ಸೂರತ್ತಿನಲ್ಲೇ ಉಳಿದೆವು. ಹೆಂಡತಿ ಸುಲೋಚನಾ ತೀರಿಕೊಂಡ ಮೇಲೆ ನಾನು ಗೋಡೆ ನೋಡುತ್ತಾ ಕೂತಿದ್ದಾಗ, "ಏಳೋ, ಒಂದು ಪುಟ್ಟ ದೋಣಿ ತಗೊಳ್ಳೋಣ" ಅಂದವನು ಅವನೇ. ಆಗ ಅವನ ಮಂಡಿ ಚೆನ್ನಾಗಿತ್ತು.

ಊರಿಗೆಲ್ಲ ಬಟ್ಟೆ ಮಂಡಿ, ಇವನಿಗೊಬ್ಬನಿಗೆ ನೋವಿನ ಮಂಡಿ... ಚೆನ್ನಾಗಿದೆ. ಹೇಳೋಣವೆಂದರೆ ಈ ಊರಿನಲ್ಲಿ ನನ್ನ ಕನ್ನಡಕ್ಕೆ ನಗುವವನು ಅವನೊಬ್ಬನೇ.

8 ನವೆಂಬರ್

ಮಗ್ದಲ್ಲಾ. ದೋಣಿ ಮಾರುವ ಠಾಕೋರಭಾಯ್ ಹತ್ತಿರ ಎರಡಿವೆ.

"ಕಾಕಾ, ಕೇಟ್ಲಾ ಜಣ?" ಎಷ್ಟು ಜನ?

ಕೆಮ್ಮಿದೆ.

"ಒಬ್ಬರೇ ಆದರೆ ಸಪೂರದ್ದು ತಗೊಳ್ಳಿ. ಹಾವಿನ ಹಾಗೆ ಓಡುತ್ತೆ. ಆ ಅಗಲದ್ದು ಎಮ್ಮೆ, ಒಬ್ಬರ ಮಾತು ಕೇಳಲ್ಲ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಾಯಿಯ ಹಗ್ಗ ಹಿಡೀಬೇಕು."

ಹಾವಿಗೆ ಕಾಲಿಟ್ಟರೆ ಸಾಕು, ಓಲಾಡುತ್ತದೆ. ಎಮ್ಮೆಗೆ ಚಪ್ಪಟೆ ಹೊಟ್ಟೆ. ನೀರು ಇಳಿದಾಗ ಕೆಸರಿನ ಮೇಲೆ ಅಲ್ಲಾಡದೆ ಕೂರುತ್ತದೆ. ಅಂಚೂ ತಗ್ಗು. ಬಲಗಾಲು ಮಡಚದೆ ಹತ್ತಿ ನೋಡಿದೆ. ಇಳಿದು ಮತ್ತೆ ಹತ್ತಿದೆ. ಆಗುತ್ತದೆ.

"ಮಂಡಿ ನೋವಾ ಕಾಕಾ?"

"ನನಗಲ್ಲ" ಅಂದೆ.

12 ನವೆಂಬರ್

ಗುಜರಾತಿ ಹೊಸ ವರ್ಷ. ಇವತ್ತು ಯಾರ ಮನೆಗೆ ಯಾರು ಹೋದರೂ ಬಾಗಿಲು ಹಾಕುವಂತಿಲ್ಲ. ಮಾತು ಬಿಟ್ಟವರೂ ಸಾಲ್ ಮುಬಾರಕ್ ಅಂದು ಸಿಹಿ ಕೊಡಬೇಕು. ಪಕ್ಕದ ಮನೆಯವರು ಕೊಟ್ಟ ಘುಘ್ರಾ, ನಮ್ಮ ಕರ್ಜಿಕಾಯಿಯೇ, ತಟ್ಟೆಯಲ್ಲಿ ಹಾಗೇ ಇದೆ.

ಎಮ್ಮೆಯನ್ನೇ ಕೊಂಡೆ. ನಿನ್ನೆ. ಒಬ್ಬನೇ ನಡೆಸಲಾಗದ ದೋಣಿ. ಠಾಕೋರಭಾಯ್ ತಲೆ ಚಚ್ಚಿಕೊಂಡ.

ಅದನ್ನು ಹೇಳಲು ವಿಠ್ಠಲನ ಮನೆಗೆ ಹೋದೆ. ಬೆಲ್ ಒತ್ತಿದೆ. ಒಳಗೆ ಕೋಲು, ಟಕ್... ಟಕ್... ಬಾಗಿಲ ಹತ್ತಿರ ಬಂತು.

ಓಡಿದೆ. ತಮಾಷೆಗಲ್ಲ. ಜೀವನದಲ್ಲಿ ಮೊದಲ ಸಲ, ಹೆದರಿ ಓಡಿದೆ. ಗೇಟಿನ ಹತ್ತಿರ ಬಂದಾಗ ಮೇಲಿನಿಂದ ಅವನ ದನಿ. ಇಡೀ ಸೊಸೈಟಿ ಸಾಲ್ ಮುಬಾರಕ್ ಅನ್ನುವ ದಿನ ಕನ್ನಡದಲ್ಲೇ ಕೇಳಿದ:

"ಯಾರೋ ಅದು?"

ನಾನು ಗೋಡೆಗೆ ಒರಗಿ ನಿಂತೆ. ಈ ಸಲ ಮೂಗು ಹಿಡಿಯದೆ, ನನ್ನದೇ ದನಿಯಲ್ಲಿ ಕೂಗಿದೆ: "ನಾನು ಕಣೋ, ಪಟ್ಟಾಭಿ. ಇಬ್ಬರು ಬೇಕಾದ ದೋಣಿ ತಗೊಂಡಿದ್ದೀನಿ."