ಹೊಗಳಿ ಕಳಿಸಿದರು

ಮಧುಗಿರಿ
11 ಆಗಸ್ಟ್ 2024, ಭಾನುವಾರ

ಪ್ರೀತಿಯ ಮಗಳು ಲೋಹಿತಾಗೆ,

ಹೇಗಿದ್ದೀಯ ತಾಯಿ? ರಾತ್ರಿ ಪಾಳಿ ಮುಗಿಯಿತೆ, ಇನ್ನೂ ಅದೇ ನಡೆದಿದೆಯೆ? ಬೀದರಿನ ನೀರು ಈಗಲಾದರೂ ಒಗ್ಗಿತೆ? ಮೊನ್ನೆ ವಿಡಿಯೋದಲ್ಲಿ ನೋಡಿದಾಗ ನಿನ್ನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ವಾರ್ಡಿನವರಿಗೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ಗದರಿಸುವ ನರ್ಸಮ್ಮ ತಾನು ಉಂಡಳೋ ಇಲ್ಲವೋ ಎಂದು ಕೇಳುವವರು ಅಲ್ಲಿ ಯಾರಿದ್ದಾರೆ? ರಾಗಿ ಹಿಟ್ಟು ಮುಗಿದಿದ್ದರೆ ಹೇಳು, ಬೀಸಿಸಿ ಕಳಿಸುತ್ತೇನೆ. ನನ್ನ ಮಂಡಿ ಇದ್ದ ಹಾಗೇ ಇದೆ. ಅದು ನನ್ನನ್ನು ಬಿಡುವುದಿಲ್ಲ, ನಾನೂ ಅದನ್ನು ಬೈಯುವುದು ಬಿಟ್ಟಿದ್ದೇನೆ. ನಿನ್ನ ಯಜಮಾನರು ಭೀಮರಾಜು ಚೆನ್ನಾಗಿದ್ದಾರೆ. ಕ್ಯಾತಗಾನಚೆರ್ಲಿನ ಸೋಲಾರ್ ಪಾರ್ಕಿನಲ್ಲಿ ಬಿಸಿಲಿಗೆ ಸುಟ್ಟು, ಭಾನುವಾರ ಮನೆಗೆ ಬರುವಾಗ ಆ ಗಾಜಿನ ಹಲಗೆಗಳ ಬಣ್ಣಕ್ಕೇ ತಿರುಗಿರುತ್ತಾರೆ. ಇವತ್ತು ನಿಮ್ಮ ಮಗಳು ಸಂಘಮಿತ್ರಾಳನ್ನು ಕರೆದುಕೊಂಡು ಶಿರಾದಲ್ಲಿರುವ ಅವರ ಅಕ್ಕನ ಮನೆಗೆ ಹೋಗಿದ್ದಾರೆ. ಅದಕ್ಕೇ ನನಗೆ ಈ ಕಾಗದ ಬರೆಯಲು ಪುರುಸೊತ್ತು ಸಿಕ್ಕಿತು.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ನೀನು ಫೋನ್ ಮಾಡುವ ಹೊತ್ತಿಗೆ ಸಂಘಮಿತ್ರಾ ಪಕ್ಕದಲ್ಲೇ ಇರುತ್ತಾಳೆ. ಮೆಸೇಜು ಕಳಿಸೋಣವೆಂದರೆ ನನ್ನ ಫೋನನ್ನು ಬಿಚ್ಚುವವಳೂ ಅವಳೇ, ಮುಚ್ಚುವವಳೂ ಅವಳೇ. ಇದು ಅವಳ ಕಣ್ಣಿಗೆ ಬೀಳಬಾರದ ಮಾತು. ಹೋದ ಗುರುವಾರ ನೀನು ಅವಳನ್ನು ಬೈದೆಯಲ್ಲ, "ಹಾಡೋ ಗಂಟಲು ಇಟ್ಕೊಂಡು ತಂತಿ ಮೀಟ್ತೀಯೇನೇ, ಬರೀ ಶೋಕಿ ನಿಂದು" ಅಂತ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲು ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಲೋಹಿತಾ, ಅದು ಶೋಕಿಯಲ್ಲ. ಇನ್ನೊಂದು ಸಲ ಆ ಮಾತಾಡಬೇಡ. ಯಾಕೆಂದು ಮೊದಲಿನಿಂದ ಹೇಳುತ್ತೇನೆ, ಓದುವಷ್ಟು ತಾಳ್ಮೆ ಇಟ್ಟುಕೋ.

ಬೇಸಿಗೆ ರಜೆಯಲ್ಲಿ ಈ ಮಾತು ಶುರುವಾದಾಗ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ಒಂಬತ್ತನೇ ಕ್ಲಾಸಿಗೆ ಬಂದ ಹುಡುಗಿ ಏನಾದರೂ ಒಂದು ಕಲಿಯಬೇಕು ಎಂದಳು. ಗಿಟಾರೋ ಹಾಡೋ ಎಂಬುದೇ ಪ್ರಶ್ನೆ. ನಿನ್ನ ಯಜಮಾನರದು ಗಿಟಾರಿನ ಕಡೆ. "ಕೈಯಾಗೆ ಒಂದು ಸಾಮಾನು ಇದ್ರೆ ಕಲ್ತವ್ಳೆ ಅಂತ ನಾಲ್ಕು ಜನಕ್ಕೆ ಕಾಣ್ತೈತೆ. ಹಾಡು ಅಂದ್ರೆ ಬಾಯಿ ತೆಗೆಯೋಗಂಟ ಯಾರಿಗ್ ಗೊತ್ತಾಯ್ತದೆ?" ಅಂದರು. ಪಕ್ಕದ ಮನೆ ಹೊನ್ನಕ್ಕ ಕರೆಯದೇ ಬಂದು, "ಹಾಡೇ ಕಲೀಲಿ ಕಣಮ್ಮ, ಕೆಳಕ್ಕೆ ಬಿದ್ರೆ ಒಡಿಯಾಕಿಲ್ಲ" ಅಂದಳು. ಕೋಟೆ ಬೀದಿಯಲ್ಲಿ ಮೊಬೈಲ್ ಅಂಗಡಿಯ ಮಹಡಿ ಮೇಲೆ ಗಿಟಾರ್ ಹೇಳಿಕೊಡುವ ಸುನೀಲ್‌ಕುಮಾರ್ ಎಂಬ ಹುಡುಗನನ್ನೂ ಕೇಳಿ ಬಂದೆ. ಅವನು ಹೇಳಿದ್ದು ಕೇಳಿದರೆ ನಗುತ್ತೀಯ: "ಅಜ್ಜಿ, ಗಿಟಾರ್‌ನಲ್ಲಿ ಶುರುವಿಗೆ ಕಲಿಯೋರ ಬೆರಳು ನೋಯ್ತದೆ. ಹಾಡಿನಲ್ಲಿ ಮನೆಯೋರ ಕಿವಿ ನೋಯ್ತದೆ. ನಿಮಗೆ ಯಾವುದು ವಾಸಿ ನೋಡ್ಕಳಿ." ಸಂಘಮಿತ್ರಾ ಎಲ್ಲರ ಮಾತೂ ಕೇಳಿಸಿಕೊಂಡು ಕೊನೆಗೆ, "ನಂಗೆ ಹಾಡು ಬೇಕು ಕಣಜ್ಜಿ. ನಿನ್ ಸೋಬಾನೆ ಬರ್ತದೆ, ಆದ್ರೆ ಅದ್ಯಾಕೆ ಅಂಗೆ ಏರ್ತದೆ, ಯಾಕೆ ಇಂಗೆ ಇಳೀತದೆ ಗೊತ್ತಿಲ್ಲ. ಅದು ತಿಳ್ಕೋಬೇಕು" ಎಂದಳು. ಆಡಿದ್ದು ಅಷ್ಟೇ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿದವಳು ನಾನು. ಒಂದು ಮಗುವಿಗೆ ಏನು ಬೇಕೆಂದು ಅದಕ್ಕೇ ಇಷ್ಟು ಚೆನ್ನಾಗಿ ಗೊತ್ತಿರುವುದನ್ನು ಕಂಡಿದ್ದು ಕಡಿಮೆ.

ಹಾಗಾಗಿ ಕೋಟೆ ಬೀದಿಯ ಜ್ಯೋತಿಲಕ್ಷ್ಮಿ ಮೇಡಂ ಮನೆಗೆ ಕರೆದುಕೊಂಡು ಹೋದೆ. ಊರಿನಲ್ಲಿ ಸಂಗೀತವೆಂದರೆ ಅವರೇ. ಶಾಲೆಯಲ್ಲಿ ಬಹುಮಾನ ತರುವ ಹುಡುಗಿಯರೆಲ್ಲ ಅವರ ಮನೆಯವರು. ಬಾಗಿಲು ತೆರೆದು, "ಬನ್ನಿ ಬನ್ನಿ" ಎಂದು ನಕ್ಕರು. ಚಪ್ಪಲಿ ಬಿಡುತ್ತಿದ್ದೆವು. ನನ್ನ ಹೆಸರು ಕೇಳಿದರು. ಮಹಾಲಕ್ಷ್ಮಮ್ಮ ಎಂದೆ. "ಗೊರವನಹಳ್ಳಿ ಅಮ್ಮನವರ ಹೆಸರು!" ಎಂದು ಮುಖ ಅರಳಿಸಿದರು. ಮಗುವಿನ ಹೆಸರು ಕೇಳಿದರು. ಸಂಘಮಿತ್ರಾ ಎಂದಳು. "ಸಂಘಮಿತ್ರಾನಾ? ಓ... ಯಾವ ಕಡೆಯೋರಮ್ಮ ನೀವು?" ತೋವಿನಕೆರೆ ಕಡೆ ಎಂದೆ. "ತೋವಿನಕೆರೆಯಲ್ಲಿ?" ಎಂದು ಮತ್ತೆ ಕೇಳಿದರು. ನಮ್ಮ ಕೇರಿಯ ಹೆಸರು ಹೇಳಿದೆ. ಆಗ ಅವರು, "ಒಳಗೆ ತುಂಬ ಸೆಕೆ. ಇಲ್ಲೇ ಗಾಳಿ ಬರುತ್ತೆ, ಕೂತ್ಕೊಳ್ಳಿ" ಎಂದು ಜಗಲಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಒಳಗೆ ಫ್ಯಾನು ತಿರುಗುವ ಸದ್ದು ನನಗೆ ಕೇಳುತ್ತಿತ್ತು ಲೋಹಿತಾ. ಕೇಳುತ್ತಿದ್ದರೂ ಮನಸ್ಸಿಗೆ ಹೋಗಲಿಲ್ಲ. ಮೊಮ್ಮಗಳು ಹೆದರಿ ಶ್ರುತಿ ತಪ್ಪಿಬಿಟ್ಟಾಳು ಎಂಬುದೊಂದೇ ನನ್ನ ದಿಗಿಲು.

ಅವಳು ತಪ್ಪಲಿಲ್ಲ. ಹಸೆಗೆ ಕರೆಯುವ ಸೋಬಾನೆಯನ್ನು ಕಣ್ಣು ಮುಚ್ಚಿಕೊಂಡು ಹಾಡಿದಳು. ಬೀದಿಯಲ್ಲಿ ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ನಿಂತಳು. ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಬ್ಬಾ! ಎಂಥ ಕಂಠ ಅಮ್ಮ! ನಿಮ್ಮೋರಿಗೆ ಇದೆಲ್ಲ ಹುಟ್ಟಿನಿಂದಲೇ ಬಂದಿರುತ್ತೆ. ನಾನು ಸ್ವರ ಹಾಕಿ ಆ ಮಣ್ಣಿನ ಸೊಗಡು ಯಾಕೆ ಕೆಡಿಸಲಿ? ಇವಳಿಗೆ ಹಾಡು ಕಲಿಸೋದೇನೂ ಇಲ್ಲ. ಕೈಗೊಂದು ವಾದ್ಯ ಕೊಡಿಸಿ. ಎದುರಿಗೇ ಗಿಟಾರ್ ಕ್ಲಾಸ್ ಇದೆಯಲ್ಲ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಮಗುವಿನ ತಲೆ ಸವರಿ ಕೈ ಮುಗಿದೆ. ಅಲ್ಲಿಂದ ನೇರ ಬೇಕರಿಗೆ ಹೋಗಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದು ಬೀದಿಗೆಲ್ಲ ಹಂಚಿದೆ. ಮುಂದಿನ ಭಾನುವಾರ ನಿನ್ನ ಯಜಮಾನರು ತುಮಕೂರಿಗೆ ಹೋಗಿ ಗಿಟಾರ್ ತಂದರು. ಅವಳು ಅದನ್ನು ಮುಟ್ಟಿ ನೋಡಿ, ಸುಮ್ಮನೆ ಗೋಡೆಗೆ ಒರಗಿಸಿಟ್ಟಳು. ಸಂತೋಷ ಹೆಚ್ಚಾಗಿ ಮಾತು ಬರುತ್ತಿಲ್ಲ ಎಂದುಕೊಂಡೆವು.

ಆಮೇಲೆ ನಾನು ಮಾಡಿದ್ದೇನು ಗೊತ್ತೆ? ಕಂಡಕಂಡವರಿಗೆಲ್ಲ ಹೇಳಿದೆ. ನನ್ನ ಬಾಯಿ ನಿನಗೆ ಗೊತ್ತು. ಮಕ್ಕಳಿಗೆ ಕಥೆ ಹೇಳಿ ಹೇಳಿ ಅಭ್ಯಾಸವಾದ ಬಾಯಿ, ಒಂದಕ್ಕೆ ಎರಡು ಸೇರಿಸಿಯೇ ಹೇಳುತ್ತದೆ. ಮೇಡಂ ಎದೆಗೆ ಕೈ ಇಟ್ಟುಕೊಂಡದ್ದು ಹೊನ್ನಕ್ಕನ ಮನೆಯಲ್ಲಿ ಮೇಡಂ ಕಣ್ಣೀರು ಹಾಕಿದ್ದಾಯಿತು, ರೇಷನ್ ಅಂಗಡಿಯ ಸಾಲಿನಲ್ಲಿ ಮೇಡಂ ಎದ್ದು ನಿಂತದ್ದೂ ಆಯಿತು. ಸಂಘಮಿತ್ರಾ ಪಕ್ಕದಲ್ಲಿದ್ದರೆ ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಎಂದುಕೊಂಡೆ. ಜುಲೈನಲ್ಲಿ ತೋವಿನಕೆರೆಗೆ ಹೊರಟಿದ್ದೆವು. ಬಸ್ಸಿನ ತುಂಬ ಗೊರವನಹಳ್ಳಿಗೆ ಹೋಗುವ ಹೆಂಗಸರು. ಪಕ್ಕದಲ್ಲಿ ಕೂತವಳ ಹತ್ತಿರ ಶುರು ಮಾಡಿದೆ, ಇವಳಿಗೆ ಹಾಡು ಕಲಿಸುವುದೇ ಬೇಡವೆಂದು ಸಂಗೀತದ ಮೇಡಂ ಹೇಳಿದರು ಎಂದು. ನಮ್ಮ ಹುಡುಗಿ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದಳು, "ಸಾಕು ಸುಮ್ಕಿರಜ್ಜಿ! ಎಷ್ಟು ಜನಕ್ಕೆ ಹೇಳೀಯ? ಹೊಗಳಿ ಕಳ್ಸಿದ್ದು ಕಣಜ್ಜಿ ಅವರು, ಹೊಗಳಿ ಕಳ್ಸಿದ್ದು!"

ಕೊರಟಗೆರೆಯಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಕೇಳಿದೆ. ಅವಳ ಕ್ಲಾಸಿನ ಮಧುಶ್ರೀ ಎಂಬ ಹುಡುಗಿ ಮೇಡಂ ಹತ್ತಿರ ಹಾಡಿಗೆ ಹೋಗುತ್ತಾಳೆ. ಒಳ್ಳೆಯ ಮಗು, ಕಪಟ ತಿಳಿಯದ್ದು. ಇವಳನ್ನೂ ಸೇರಿಸಿಕೊಳ್ಳಿ ಎಂದು ಸಂಘಮಿತ್ರಾನ ಪರವಾಗಿ ಅವಳೇ ಮೇಡಂ ಹತ್ತಿರ ಕೇಳಿದ್ದಾಳೆ. ಆಮೇಲೆ ಮೇಡಂ ಆ ಹುಡುಗಿಯ ತಾಯಿಗೆ ಹೇಳಿದರಂತೆ, "ಪಾಠ ನಡೆಯೋದು ದೇವರ ಕೋಣೆ ಪಕ್ಕದ ಹಾಲಿನಲ್ಲಿ. ಒಳಗೆ ಕರೆಯೋಕಾಗುತ್ತಾ? ಮುಖದ ಮೇಲೆ ಹೇಳೋಕಂತೂ ಆಗಲ್ಲ, ಕಾಲ ಕೆಟ್ಟಿದೆ. ಅದಕ್ಕೇ ಹೊಗಳಿ ಕಳಿಸಿದೆ." ಮಧುಶ್ರೀ ಅದನ್ನು ಕೇಳಿಸಿಕೊಂಡು ಬಂದು, ಗೆಳತಿಗೆ ಹೇಳಿ ತಾನೇ ಅತ್ತಿದ್ದಾಳೆ. ಇದೆಲ್ಲ ಗಿಟಾರ್ ಮನೆಗೆ ಬರುವ ಮುಂಚೆಯೇ. ಎಲ್ಲ ಗೊತ್ತಿದ್ದೂ ನಮ್ಮ ಮಗು ನನ್ನ ಬಡಾಯಿಯನ್ನು ಅಷ್ಟು ದಿನ ಕೇಳಿಸಿಕೊಂಡು ಕೂತಿತ್ತು. ಯಾಕೆ ಹೇಳಲಿಲ್ಲ ಎಂದರೆ, "ನೀನು ಮೈಸೂರುಪಾಕು ಹಂಚಿಬಿಟ್ಟಿದ್ದೆ" ಎಂದಳು.

ಬೈದಿದ್ದರೆ ನನಗೆ ತಿಳಿಯುತ್ತಿತ್ತು ಲೋಹಿತಾ. ಅಂಗನವಾಡಿಯಲ್ಲಿ ನಾನು ಬೇಯಿಸಿದ ಉಪ್ಪಿಟ್ಟನ್ನು ತಮ್ಮ ಮಕ್ಕಳ ಕೈಯಿಂದ ಕಸಿದು ನಾಯಿಗೆ ಹಾಕಿದವರನ್ನು ಕಂಡಿದ್ದೇನೆ. ದೂರದಿಂದ ನೀರು ಹೊಯ್ದವರ ಮುಖಗಳು ಈಗಲೂ ನೆನಪಿವೆ. ಅದಕ್ಕೆಲ್ಲ ಉತ್ತರ ಕೊಡಲು ಬರುತ್ತದೆ, ಕೊಟ್ಟೂ ಇದ್ದೇನೆ. ಆದರೆ ಎದೆಯ ಮೇಲೆ ಕೈ ಇಟ್ಟುಕೊಂಡು ಬಂದ ಮಾತಿಗೆ ನಾನು ಕೈ ಮುಗಿದುಬಿಟ್ಟೆ.

ಸುಮ್ಮನಿರಲಾಗದೆ ಒಬ್ಬಳೇ ಹೋದೆ. ಮೇಡಂ ಜಗಲಿಗೇ ಬಂದರು. "ಮೇಡಂ, ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಬಂದದ್ದು ಏನೂ ಇಲ್ಲ. ಸಣ್ಣವಳಿದ್ದಾಗ ನಾಯಿಮರಿ ಕುಂಯ್‌ಗುಟ್ಟಿದಂಗೆ ಹಾಡೋಳು. ಒಂದೊಂದು ಸೊಲ್ಲನ್ನೂ ಹೇಳಿಕೊಟ್ಟು, ಬೈದು, ಮುದ್ದು ಮಾಡಿ ನಾನು ಕಲಿಸಿದ್ದು. ಕಲಿಸಿದ್ರೆ ಕಲೀತಾಳೆ, ಅಷ್ಟೇಯ" ಎಂದೆ. ನಗು ಮಾಸದೆ, "ತಪ್ಪು ತಿಳ್ಕೋಬೇಡಿ ಅಮ್ಮ, ಬ್ಯಾಚ್ ತುಂಬಿಹೋಗಿದೆ" ಎಂದರು. ಬಾಗಿಲ ಸಂದಿಯಲ್ಲಿ ಖಾಲಿ ಚಾಪೆಗಳು ಕಾಣುತ್ತಿದ್ದವು. ಅದನ್ನೂ ತೋರಿಸಿ ಹೇಳಿದೆ. ಆಗ ನಗು ನಿಂತಿತು. "ನನ್ನ ಮನೆ, ನನ್ನ ಇಷ್ಟ" ಎಂದು ಒಳಗೆ ಹೋದರು. ನಿಜ ಹೇಳುತ್ತೇನೆ, ಆ ಮಾತು ಕೇಳಿ ಒಂದು ಬಗೆಯ ಸಮಾಧಾನವಾಯಿತು. ಮೊದಲ ದಿನವೇ ಅದನ್ನು ಹೇಳಿದ್ದರೆ ಮಗುವಿಗೆ ತನ್ನ ಗಂಟಲಿನ ಮೇಲೆ ಅಸಹ್ಯ ಹುಟ್ಟುತ್ತಿರಲಿಲ್ಲ.

ಹೌದು, ಅಸಹ್ಯವೇ. ಈಗ ಅವಳು ಹಾಡುವುದಿಲ್ಲ. ಹೊನ್ನಕ್ಕನ ಮಗನ ಮದುವೆಯ ಅರಿಶಿಣ ಕುಟ್ಟುವಾಗ ಹೆಂಗಸರೆಲ್ಲ ಕರೆದರೆ, "ನಂಗೆ ಬರಲ್ಲ, ಗಿಟಾರ್ ಕಲೀತಿದ್ದೀನಿ" ಎಂದಳು. ಚೆನ್ನಾಗಿ ಹಾಡಿದರೆ ನಿಮ್ಮೋರಿಗೆ ಹುಟ್ಟಿನಿಂದ ಬಂದದ್ದು ಎನ್ನುತ್ತಾರಂತೆ, ಕಷ್ಟಪಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲವಂತೆ. ಗಿಟಾರ್ ಮಾತ್ರ ನಮ್ಮೋರ ಪೈಕಿ ಯಾರ ಹುಟ್ಟಿನಲ್ಲೂ ಇಲ್ಲ, ಅದಕ್ಕೇ ಅದು ಸರಿ ಎನ್ನುತ್ತಾಳೆ. ಹದಿನಾಲ್ಕು ವರ್ಷದ ಮಗುವಿನ ಬಾಯಲ್ಲಿ ಇಂಥ ತರ್ಕ! ನಾವೆಲ್ಲ ಕೂತು ಗಿಟಾರೋ ಹಾಡೋ ಎಂದು ಪಂಚಾಯಿತಿ ಮಾಡಿದೆವಲ್ಲ, ನಮ್ಮ ಕೈಯಲ್ಲಿ ಇಲ್ಲದ್ದನ್ನು.

ನಿನ್ನ ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಮ್ಮ ಕೇರಿಯ ಸಂಘದ ಹುಡುಗರನ್ನು ಕರೆದುಕೊಂಡು ಹೋಗಿ ಆ ಮನೆ ಮುಂದೆ ನಿಲ್ಲುತ್ತಾರೆ. ನಿಲ್ಲುವುದು ನ್ಯಾಯವೇ. ಆದರೆ ಸಂಘಮಿತ್ರಾ ನನ್ನ ಕೈ ಹಿಡಿದು, "ಪೇಪರ್‌ನಾಗೆ ನನ್ ಹೆಸ್ರು ಅದಕ್ಕೆ ಬರೋದು ಬ್ಯಾಡ ಅಜ್ಜಿ" ಎಂದು ಬೇಡಿಕೊಂಡಿದ್ದಾಳೆ. ಅಪ್ಪನಿಗೆ ಹೇಳುವುದೋ ಬಿಡುವುದೋ ನೀನು ಯೋಚಿಸು. ಆ ಮನೆಯನ್ನು ದಾಟುವಾಗ ಮುಖ ತಿರುಗಿಸಿಕೊಂಡು ಹೋಗುವುದೊಂದೇ ನನಗೆ ಸದ್ಯಕ್ಕೆ ಆಗುತ್ತಿರುವುದು.

ಇನ್ನೇನು, ಅಪ್ಪ ಮಗಳು ಬರುವ ಹೊತ್ತಾಯಿತು, ಸಾರಿಗೆ ಬೇಳೆ ಇಡಬೇಕು. ಹೊನ್ನಕ್ಕ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಬಿ.ಪಿ. ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದೂ ಕೇಳಿದ್ದಾಳೆ. ಬುದ್ಧ ಗುರುವಿನ ಕರುಣೆ ನಿನ್ನ ಮೇಲಿರಲಿ. ಮೈ ಕಡೆ ನಿಗಾ ಇರಲಿ. ಬಾಬಾಸಾಹೇಬರ ಪಟದ ಮುಂದೆ ದೀಪ ಹಚ್ಚುವಾಗಲೆಲ್ಲ ನಿನ್ನ ಹೆಸರು ಹೇಳುತ್ತೇನೆ.

ಇಂತಿ ನಿನ್ನ ಅವ್ವ,
ಮಹಾಲಕ್ಷ್ಮಮ್ಮ

ಮತ್ತೊಂದು ಮಾತು: ಕವರಿಗೆ ಅಂಟು ಹಚ್ಚುವಾಗ ಗಿಟಾರಿನ ಹುಡುಗ ಸುನೀಲ್‌ಕುಮಾರ್ ಫೋನ್ ಮಾಡಿದ್ದ. ಸಂಘಮಿತ್ರಾ ಕ್ಲಾಸಿಗೆ ತಪ್ಪದೆ ಬರುತ್ತಾಳಂತೆ, ಆದರೆ ಗಿಟಾರನ್ನು ಚೀಲದಿಂದ ತೆಗೆಯುವುದೇ ಇಲ್ಲವಂತೆ. ಬೀದಿ ಕಡೆಯ ಕಿಟಕಿಯ ಹತ್ತಿರ ಕೂತು ಎದುರು ಮನೆಯ ಪಾಠ ಕೇಳಿಸಿಕೊಳ್ಳುತ್ತಾಳಂತೆ. ಅವರು ಒಳಗೆ ಸ್ವರ ಹಾಡಿದರೆ ಇವಳ ತುಟಿ ಇಲ್ಲಿ ಅಲುಗುತ್ತದಂತೆ, ಸದ್ದು ಮಾತ್ರ ಇಲ್ಲ. "ಕಿಟಕಿ ಮುಚ್ಬುಡ್ಲಾ ಅಜ್ಜಿ?" ಅಂತ ಕೇಳಿದ. ಬ್ಯಾಡ ಕಣಪ್ಪ ಅಂದೆ. ಲೋಹಿತಾ, ದಸರಾ ರಜೆಗೆ ಅವಳನ್ನು ಅಲ್ಲಿಗೆ ಕರೆಸಿಕೋ, ವಾಪಸ್ ಕಳಿಸಬೇಡ. ನಾನು ಹೇಳಿದೆ ಎನ್ನಬೇಡ, ನಿನಗೇ ಬೇಸರವೆಂದು ಹೇಳು. ಅದಕ್ಕೆ ಮೊದಲು ಬೀದರಿನಲ್ಲಿ ಹಾಡು ಕಲಿಸುವವರು ಯಾರಿದ್ದಾರೆಂದು ವಿಚಾರಿಸು. ನೀನೊಬ್ಬಳೇ ಹೋಗು, ಹೆಸರು, ಊರು, ಕಡೆ ಎಲ್ಲ ಮೊದಲೇ ಹೇಳಿಬಿಡು. ಎಲ್ಲ ಕೇಳಿದ ಮೇಲೂ ಒಳಗೆ ಬನ್ನಿ ಎಂದವರ ಹತ್ತಿರ ಮಾತ್ರ ಮಗುವನ್ನು ಕರೆದುಕೊಂಡು ಹೋಗು.