ಬೋರ್ಡಿನಿಂದ ಒರೆಸಿದ ಸಾಲು

ಘಾಟ್ಕೋಪರ್, ಜುಲೈ 11

ಸೊಸೈಟಿ ಸೆಕ್ರೆಟರಿ ಸತ್ಯಮೂರ್ತಿಯವರಿಗೆ,

ನಮಸ್ಕಾರ ಹೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ.

ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ದಿನವೂ ‘ಇಂದಿನ ವಿಶೇಷ’ ಬರೆಯುತ್ತೀರಿ, ಸಂತೋಷ. ಇವತ್ತು ವಿಶ್ವ ಜನಸಂಖ್ಯಾ ದಿನ ಎಂದು ಬರೆದಿರಿ. ಕೆಳಗೆ ನನ್ನ ಮಗಳು ಧಾತ್ರಿಗೆ ಹುಟ್ಟುಹಬ್ಬದ ಶುಭಾಶಯ, ಜೊತೆಗೊಂದು ಬಲೂನಿನ ಚಿತ್ರ. ಅದರ ಕೆಳಗೆ ಯಾರೋ ‘2006ರ ಲೋಕಲ್ ರೈಲು ಸ್ಫೋಟದಲ್ಲಿ ಹೋದವರ ನೆನಪಿಗೆ’ ಎಂದು ಬರೆದಿದ್ದನ್ನು ನನ್ನ ಕಣ್ಣೆದುರೇ ಒರೆಸಿದಿರಿ. ಯಾಕೆಂದು ಕೇಳಿದರೆ, “ಒಳ್ಳೇ ದಿನ ಅಪಶಕುನದ ಮಾತ್ಯಾಕಮ್ಮ? ಹುಡುಗಿ ನೋಡಿದ್ರೆ ಮೂಡ್ ಆಫ್ ಆಗಲ್ವಾ?” ಎಂದು ನನಗೇ ಬುದ್ಧಿ ಹೇಳಿದಿರಿ. ಅದಕ್ಕೇ ಈ ಪತ್ರ.

ಆ ಸಾಲು ಬರೆದವಳು ಧಾತ್ರಿಯೇ. ಅವಳ ಎರಡನೇ ಹುಟ್ಟುಹಬ್ಬಕ್ಕೆಂದು ಅವರಪ್ಪ ಅಂದು ಆಫೀಸಿನಿಂದ ಬೇಗ ಹೊರಟಿದ್ದರು. ಇಲ್ಲದಿದ್ದರೆ ಅವರು ಆ ಲೋಕಲ್ ಹತ್ತುತ್ತಲೇ ಇರಲಿಲ್ಲ. ನಾವು ಈ ಬಿಲ್ಡಿಂಗಿಗೆ ಬಂದದ್ದು ಆಮೇಲೆ. ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಿಲ್ಲದವರು ಕೇಳಬೇಕು, ಒರೆಸಬಾರದು. ಬೇಜಾರಾದದ್ದು ನಿಮಗೆ, ಅದಕ್ಕೆ ಅವಳ ಹೆಸರು ಹೇಳಬೇಡಿ.

ಅವಳು ಕಾಲೇಜಿನಿಂದ ಬರುವಷ್ಟರಲ್ಲಿ ಆ ಸಾಲನ್ನು ನಿಮ್ಮ ಕೈಯಿಂದಲೇ ಮತ್ತೆ ಬರೆಯಿರಿ.

ಬಲೂನನ್ನು ಮಾತ್ರ ಒರೆಸಬೇಡಿ. ಅದು ಅವಳಿಗೆ ಇಷ್ಟವಾಗಿದೆ.

ಇತಿ,
ಮೂರನೇ ಮಹಡಿಯ ಸುಪ್ರಜಾ