ಗುರುವಾರದವರೆಗೆ ಕಾಯಲಿ

ಮಾರ್ಚ್ 4, ಸೋಮವಾರ

ಮತ್ತೆ ಹಾಜರಿ. ನಿರಾಶ್ರಿತರ ಶಿಬಿರದ ಮಕ್ಕಳ ಗುಡಾರದಲ್ಲಿ ನಲವತ್ತಾರು. ಚಿತ್ರ ಬರೆಯಲು ಎಲ್ಲರಿಗೂ ಹಾಳೆ ಹಂಚಿದೆ. ನಮ್ಮ ಸಾಹೇಬ ಲುವಾಬೊ ಬಂದು ಮಸಿಕಾಳ ಹಾಳೆ ಎತ್ತಿ ನೋಡಿದ. ಬರೀ ಮೇಕೆ.

"ಉರಿಯೋ ಮನೆ ಬರೆಯೋಕೆ ಹೇಳಮ್ಮಾ ಕವುಘೊ. ಮೇಕೆ ಯಾರಿಗೆ ಬೇಕು?"

ಮಸಿಕಾ ಎಂಟು ವರ್ಷದವಳು. ಗುಂಡಿನ ದಾಳಿಗೆ ಹೆದರಿ ಊರೇ ಓಡುವಾಗ ಅಜ್ಜಿಯ ಕೈ ತಪ್ಪಿದವಳು. ಮನೆ ಸುಟ್ಟದ್ದನ್ನು ಕಂಡದ್ದು ಅವಳು. ಚಿತ್ರ ಬೇಕಾದದ್ದು ಈ ಇಸ್ತ್ರಿ ಅಂಗಿಯವನಿಗೆ.

ಮಾರ್ಚ್ 6

ಮಸಿಕಾಳ ಅಜ್ಜಿ ಸಿಕ್ಕಳು! ಹೆಸರು ಕಸೋಕಿ. ಕಿವು ಸರೋವರದ ಆ ದಡದ ಶಿಬಿರದಲ್ಲಿ. ಫೋನಿನಲ್ಲಿ ಮಾತಾಡಿದೆ. ಮಸಿಕಾಳ ಕಿವಿಯ ಹಿಂದಿನ ಮಚ್ಚೆ ಸಹಿತ ಹೇಳಿದಳು. ಕಾಗದಪತ್ರ ಎಲ್ಲ ಸರಿ. ಹುಡುಗಿಯನ್ನು ಕಳಿಸಲು ಸಾಹೇಬನ ಸಹಿಯೊಂದೇ ಬಾಕಿ.

ಲುವಾಬೊ ಸಹಿ ಹಾಕಲಿಲ್ಲ. ಮುಂದಿನ ಗುರುವಾರ ಶಿಬಿರಕ್ಕೆ ಹಣ ಕೊಡುವ ವಿದೇಶದ ಅತಿಥಿಗಳು ಕ್ಯಾಮೆರಾ ಸಮೇತ ಬರುತ್ತಾರಂತೆ. ಅಜ್ಜಿ-ಮೊಮ್ಮಗಳು ಅವರೆದುರೇ ಅಪ್ಪಿಕೊಳ್ಳಬೇಕಂತೆ. ಅಲ್ಲಿಯವರೆಗೆ ಕಾಯಲಿ ಎಂದ. ಮದುವೆ ಮುಹೂರ್ತ ಇಟ್ಟವನ ಹಾಗೆ.

ಮಾರ್ಚ್ 8

ಆ ದಡದಲ್ಲೂ ಶೆಲ್ ಬೀಳುತ್ತಿದೆ. ಶಿಬಿರ ಖಾಲಿಯಾಗುತ್ತಿದೆ. ಲುವಾಬೊನ ಹತ್ತಿರ ಮತ್ತೆ ಸಹಿ ಕೇಳಿದೆ. ಇಷ್ಟು ತಿಂಗಳು ಕಾದವರಿಗೆ ಆರು ದಿನ ಹೆಚ್ಚಾಯಿತೇ ಎಂದ. ಎಂಥಾ ಗಣಿತ.

ಮಾರ್ಚ್ 9, ಶನಿವಾರ

ಲುವಾಬೊನ ಸಹಿ ನಾನೇ ಹಾಕಿದೆ. ಬೆಳಗಿನ ದೋಣಿ. ಮಸಿಕಾ ದಾರಿಯುದ್ದಕ್ಕೂ ನಾನು ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚು ಬಿಡಲಿಲ್ಲ.

ಕಸೋಕಿ ಗಂಟುಮೂಟೆ ಕಟ್ಟಿ ಹೊರಡಲು ನಿಂತಿದ್ದಳು. ಒಂದು ಗಂಟೆ ತಡವಾಗಿದ್ದರೆ... ಅಪ್ಪಲಿಲ್ಲ, ಅಳಲಿಲ್ಲ. ಹುಡುಗಿಯ ಕಿವಿ ಮಡಚಿ ನೋಡಿದಳು. ಆಮೇಲೆ, "ತಿಂದ್ಯೇನೇ?" ಎಂದು ಹುರಿದ ಮೀನು ಕೊಟ್ಟಳು. ಕ್ಯಾಮೆರಾಕ್ಕೆ ಏನೂ ಸಿಗುತ್ತಿರಲಿಲ್ಲ.

ಮಾರ್ಚ್ 13

ಲುವಾಬೊಗೆ ಗೊತ್ತಾಯಿತು. ಕೂಗಾಡಲಿಲ್ಲ, ಅದು ಇನ್ನೂ ಅಸಹ್ಯ. ಇಬ್ಬರನ್ನೂ ನಾಳೆ ಕರೆಸು, ಹೊಸದಾಗಿ ಸೇರಿದ ಹಾಗೆ ಮಾಡಿಸೋಣ ಎಂದ. ಅಜ್ಜಿಗೆ ಫೋನ್ ಮಾಡಿದೆ. ಇಬ್ಬರೂ ಈಗ ದಕ್ಷಿಣದಲ್ಲಿ, ಅಜ್ಜಿಯ ತಂಗಿಯ ಮನೆಯಲ್ಲಿದ್ದಾರೆ. ಅಜ್ಜಿ ಎಲ್ಲ ಕೇಳಿಸಿಕೊಂಡು ಹೇಳಿದಳು:

"ಕೂಡಿಸೋಕೆ ಅಂತ ಮತ್ತೆ ಅಗಲಿಸ್ತಾರೇನಮ್ಮಾ?"

ಮಾರ್ಚ್ 14, ಗುರುವಾರ, ಹನ್ನೊಂದು

ಅತಿಥಿಗಳು ಬಂದಿದ್ದಾರೆ. ಲುವಾಬೊ ನನ್ನನ್ನು ಮೂಲೆಗೆ ಕರೆದ. "ಯಾವ್ದಾದ್ರೂ ಮಗು, ಯಾವಳಾದ್ರೂ ಮುದುಕಿ, ತಂದು ನಿಲ್ಲಿಸು. ಅವರಿಗೇನು ಗೊತ್ತಾಗುತ್ತೆ?"

ಉಗಿಯಬೇಕಿತ್ತು. ಅಷ್ಟರಲ್ಲೇ ನನ್ನ ತಲೆ ಹುಡುಕಿ ಮುಗಿಸಿತ್ತು—ಮೂರನೇ ಸಾಲಿನ ಗುಡಾರದ ಮುದುಕಿ, ಚೆನ್ನಾಗಿ ಅಳುತ್ತಾಳೆ. ಛೀ. ಇವನ ಕೈಕೆಳಗೆ ನಾಲ್ಕು ವರ್ಷ; ಇಷ್ಟು ಕಲಿತಿದ್ದೇನೆ.

ಯಾರೂ ಇಲ್ಲ ಎಂದೆ. ನಾಳೆಯಿಂದ ಬರಬೇಡ ಎಂದ.

ಗುಡಾರಕ್ಕೆ ಬಂದು ಮಕ್ಕಳ ನಡುವೆ ಕೂತಿದ್ದೇನೆ. ಅವನು ನಗು ಮೆತ್ತಿಕೊಂಡು ಎಲ್ಲರನ್ನೂ ಇತ್ತಲೇ ಕರೆತರುತ್ತಿದ್ದಾನೆ. ಜತೆಗೆ ಮೂರನೇ ಸಾಲಿನ ಆ ಮುದುಕಿ. ನಾನು ಹೇಳದೆಯೂ ಸಿಕ್ಕಿದ್ದಾಳೆ. ಅತಿಥಿಗಳ ಭಾಷೆ ನನಗೂ ಬರುತ್ತದೆ. ಎದ್ದು ನಿಂತು ಮೊದಲು ಹೇಳುವುದು ಇಷ್ಟೇ: ಈ ಮುದುಕಿ ಇಲ್ಲಿ ಯಾರ ಅಜ್ಜಿಯೂ ಅಲ್ಲ—